ಮನೆಗೆ ಬಂದ ಡ್ರೇನ್: ಸ್ತನದ ಆಪರೇಷನ್ ಆದಮೇಲೆ ದ್ರವ ತೆಗೆಯುವ, ಮದ್ದು ಕೊಡುವ ಪೈಪುಗಳ ಆರೈಕೆ

ಸ್ತನವನ್ನೂ ಕಂಕುಳಿನ ಗಂಟುಗಳನ್ನೂ ತೆಗೆಸಿಕೊಂಡವರು ಎಷ್ಟೋ ಸಲ ಕೆಲವೇ ದಿನಗಳಲ್ಲಿ ಡಿಸ್‌ಚಾರ್ಜ್ ಆಗಿ ಮನೆಗೆ ಬರುತ್ತಾರೆ. ಹೊಲಿಗೆ ಇನ್ನೂ ಹಸಿಯಾಗಿರುತ್ತದೆ. ಪಕ್ಕೆಯಿಂದ ಒಂದೋ ಎರಡೋ ಪೈಪು ಹೊರಬಂದು ಪ್ಲಾಸ್ಟಿಕ್ ಡಬ್ಬಿಯೊಂದಕ್ಕೆ ಸೇರಿಕೊಂಡಿರುತ್ತವೆ. ಇದೇ ಡ್ರೇನ್. ವಾರ್ಡಿನಲ್ಲಿ ಸಿಸ್ಟರ್ ಮಾಡುತ್ತಿದ್ದ ಕೆಲಸ ಆ ದಿನದಿಂದ ಮನೆಯವರ ಪಾಲಿಗೆ ಬರುತ್ತದೆ. ಕೆಲಸ ಕಷ್ಟದ್ದಲ್ಲ, ಆದರೆ ಕ್ರಮ ತಪ್ಪಬಾರದು. ಯಾವುದನ್ನು ಮೊದಲು ಮುಚ್ಚಬೇಕು, ಯಾವುದನ್ನು ಆಮೇಲೆ ತೆರೆಯಬೇಕು ಅನ್ನುವುದರಲ್ಲೇ ಎಲ್ಲ ಇದೆ.

ಆಪರೇಷನ್ನಿನಲ್ಲಿ ಅಂಗಾಂಶ ತೆಗೆದ ಕಡೆ ಚರ್ಮಕ್ಕೂ ಎದೆಯ ಸ್ನಾಯುವಿಗೂ ನಡುವೆ ಪೊಳ್ಳು ಉಳಿಯುತ್ತದೆ. ಕಂಕುಳಿನಲ್ಲಿ ಸಣ್ಣ ಸಣ್ಣ ದುಗ್ಧರಸ (ಲಿಂಫ್) ನಾಳಗಳು ಕತ್ತರಿಸಿಹೋಗಿರುತ್ತವೆ, ಅವುಗಳಿಂದ ಜಿನುಗುವ ನೀರು ಆ ಪೊಳ್ಳಿನಲ್ಲಿ ನಿಲ್ಲುತ್ತದೆ. ಡ್ರೇನ್ ಆ ನೀರನ್ನು ಹೊರಗೆ ಎಳೆಯುವುದರ ಜೊತೆಗೆ ಚರ್ಮವನ್ನೂ ಕೆಳಕ್ಕೆಳೆದು ಸ್ನಾಯುವಿಗೆ ಅಂಟಿಸಿ ಹಿಡಿಯುತ್ತದೆ. ಹಾಗೆ ಅಂಟಿ ಕೂಡಿಕೊಂಡರೆ ಪೊಳ್ಳೇ ಇಲ್ಲವಾಗುತ್ತದೆ, ನೀರು ತಾನಾಗಿ ಇಳಿಯುತ್ತದೆ. ಆದ್ದರಿಂದ ಎಳೆತ ಹಗಲು ರಾತ್ರಿ ಇರಬೇಕು. ಡಬ್ಬಿ ತುಂಬುತ್ತಾ ಬಂದಂತೆ ಎಳೆತ ಸಡಿಲವಾಗುತ್ತದೆ, ಪೂರ್ತಿ ತುಂಬಿದರೆ ನಿಂತೇ ಹೋಗುತ್ತದೆ. ತುಂಬಿದ ಮೇಲೆ ಚೆಲ್ಲೋಣ ಅಂತ ಕಾದರೆ ಅಷ್ಟು ಹೊತ್ತು ಡ್ರೇನ್ ಇದ್ದೂ ಇಲ್ಲದ ಹಾಗೆ.

ಕೈಯಲ್ಲಿರುವುದು ಯಾವ ಡ್ರೇನ್

ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಕಾಣುವುದು ರೋಮೋವ್ಯಾಕ್. ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿರುವ ದುಂಡು ಡಬ್ಬಿ ಅದು. ಅದಕ್ಕೆ ಒಂದು ಕೂಡುಪೈಪು, ಪೈಪಿನ ಮೇಲೆ ಅದನ್ನು ಅದುಮಿ ಮುಚ್ಚುವ ಒಂದು ಕ್ಲ್ಯಾಂಪ್, ನೀರು ಸುರಿಯಲು ಒಂದು ಬಾಯಿ, ಆ ಬಾಯಿಗೆ ಒಂದು ಬಿರಡೆ. ಎದೆಗೊಂದು ಕಂಕುಳಿಗೊಂದು ಪೈಪು ಇಟ್ಟಿದ್ದರೆ ಎರಡನ್ನೂ ವೈ ಆಕಾರದ ಜೋಡಿಕೆಯಲ್ಲಿ ಸೇರಿಸಿ ಒಂದೇ ಡಬ್ಬಿಗೆ ಬಿಟ್ಟಿರುತ್ತಾರೆ. ಇನ್ನೊಂದು ಜಾಕ್ಸನ್-ಪ್ರಾಟ್ ಡ್ರೇನ್: ಮುಷ್ಟಿಯಲ್ಲಿ ಹಿಡಿಯುವಷ್ಟು ದೊಡ್ಡ, ಸುಮಾರು 100 ಮಿ.ಲೀ. ಹಿಡಿಯುವ ಸಿಲಿಕೋನ್ ಬಲ್ಬ್. ಜಾಕ್ಸನ್ ಮತ್ತು ಪ್ರಾಟ್ ಇಬ್ಬರೂ ಅಮೆರಿಕದ ವೈದ್ಯರು. 1971ರಲ್ಲಿ ಅವರು ಇದನ್ನು ರೂಪಿಸಿದ್ದು ತಲೆಬುರುಡೆಯೊಳಗೆ ಕಟ್ಟಿದ ರಕ್ತ ತೆಗೆಯಲು. ಈಗ ಹೊಟ್ಟೆ, ಕುತ್ತಿಗೆ, ಎದೆ ಎಲ್ಲಕ್ಕೂ ಬಳಸುತ್ತಾರೆ. ಎರಡೂ ನಡೆಯುವುದು ಒಂದೇ ತತ್ವದಲ್ಲಿ. ಅದುಮಿ ಗಾಳಿ ಹೊರಹಾಕಿ ಬಾಯಿ ಮುಚ್ಚಿದರೆ, ಡಬ್ಬಿ ಮತ್ತೆ ಉಬ್ಬಲು ನೋಡುತ್ತಾ ಗಾಯದ ಕಡೆಯಿಂದ ಎಳೆಯುತ್ತದೆ.

ಡಿಸ್‌ಚಾರ್ಜ್ ಆಗುವ ಮುಂಚೆ ವಾರ್ಡಿನಲ್ಲೇ ಒಂದು ಸಲ ನೀವೇ ಖಾಲಿ ಮಾಡಿ ತೋರಿಸಿ, ಸಿಸ್ಟರ್ ಪಕ್ಕದಲ್ಲಿ ನಿಂತು ನೋಡಲಿ. ಬಿರಡೆಯೂ ಕ್ಲ್ಯಾಂಪೂ ಕಂಪನಿಯಿಂದ ಕಂಪನಿಗೆ ಬೇರೆ ಬೇರೆ. ಕಣ್ಣಿಂದ ನೋಡಿ ಕಲಿತದ್ದು ಮನೆಯಲ್ಲಿ ರಾತ್ರಿ ಹತ್ತು ಗಂಟೆಗೆ ಕೈಗೆ ಬರುವುದಿಲ್ಲ, ಮಾಡಿ ಕಲಿತದ್ದು ಬರುತ್ತದೆ. ಇನ್ನೊಂದು ಕೆಲಸವನ್ನೂ ಅವತ್ತೇ ಮುಗಿಸಿ: ಚರ್ಮದಿಂದ ಪೈಪು ಹೊರಬಂದ ಜಾಗದಿಂದ ಮೊದಲ ಜೋಡಿಕೆಯವರೆಗೆ ಟೇಲರ್ ಟೇಪಿನಲ್ಲಿ ಅಳೆದು, ಅಷ್ಟು ಸೆಂಟಿಮೀಟರ್ ಅಂತ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ಪೈಪು ಜಾರಿದೆಯೋ ಇಲ್ಲವೋ ಅನ್ನುವ ಅನುಮಾನ ಬಂದಾಗ ಈ ಒಂದು ಅಳತೆ ಉತ್ತರ ಕೊಡುತ್ತದೆ.

ಖಾಲಿ ಮಾಡುವ ಕ್ರಮ

ದಿನಕ್ಕೆ ಎರಡು ಸಲ, ಗೊತ್ತಾದ ಹೊತ್ತಿಗೆ. ಬೆಳಿಗ್ಗೆ 8, ರಾತ್ರಿ 8 ಅಂತ ಇಟ್ಟುಕೊಂಡರೆ 24 ಗಂಟೆಯ ಲೆಕ್ಕ ಸಲೀಸು. ನಡುವೆ ಡಬ್ಬಿ ಅರ್ಧ ತುಂಬಿದರೆ ಆಗಲೂ ಖಾಲಿ ಮಾಡಿ, ಆ ಅಳತೆಯನ್ನೂ ಬರೆಯಿರಿ. ಬೇಕಾದದ್ದು: ಸೋಪು, ಸ್ಪಿರಿಟ್ ಸ್ವಾಬ್ ಎರಡು, ಅಳತೆ ಗೆರೆಯಿರುವ ಕಪ್ಪು, ಸೂಜಿ ತೆಗೆದ 20 ಮಿ.ಲೀ. ಸಿರಿಂಜು, ನೋಟ್‌ಬುಕ್ಕು. ಕಪ್ಪನ್ನೂ ಸಿರಿಂಜನ್ನೂ ಬೇರೆ ಯಾವುದಕ್ಕೂ ಬಳಸಬೇಡಿ.

ಕೈಯನ್ನು ಸೋಪು ಹಾಕಿ ಬೆರಳ ಸಂದು, ಉಗುರಿನ ಬುಡ ಎಲ್ಲ ಸೇರಿ 40 ಸೆಕೆಂಡಾದರೂ ತೊಳೆಯಿರಿ. ಮನೆಯವರು ಮಾಡುವುದಾದರೆ ಗ್ಲೌಸ್ ಹಾಕಿಕೊಳ್ಳಿ. ಗ್ಲೌಸ್ ಇದೆಯೆಂದು ಕೈ ತೊಳೆಯುವುದನ್ನು ಬಿಡಬೇಡಿ.

ಮೊದಲು ಪೈಪಿನ ಕ್ಲ್ಯಾಂಪ್ ಮುಚ್ಚಿ. ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಆಮೇಲೆ ಬಿರಡೆ ತೆಗೆಯಿರಿ. ‘ಫುಸ್’ ಅಂತ ಗಾಳಿ ಒಳಗೆ ಹೋದರೆ ಅಷ್ಟು ಹೊತ್ತು ಎಳೆತ ಇತ್ತು ಅಂತ ಅರ್ಥ. ಬಿರಡೆಯ ಒಳಭಾಗವನ್ನಾಗಲಿ ಬಾಯಿಯ ಅಂಚನ್ನಾಗಲಿ ಬೆರಳಿಂದ ಮುಟ್ಟಬೇಡಿ, ಕಪ್ಪಿನ ಅಂಚಿಗೂ ತಾಗಿಸಬೇಡಿ. ಡಬ್ಬಿಯನ್ನು ಬಗ್ಗಿಸಿ ನೀರನ್ನೆಲ್ಲ ಕಪ್ಪಿಗೆ ಸುರಿಯಿರಿ. ರೋಮೋವ್ಯಾಕ್ ಆದರೆ ಮಡಿಕೆಗಳ ಸಂದಿಯಲ್ಲಿ ಐದು ಹತ್ತು ಮಿ.ಲೀ. ನಿಂತುಬಿಡುತ್ತದೆ, ಒಂದೆರಡು ಸಲ ಅದುಮಿ ಅದನ್ನೂ ಇಳಿಸಿ. ಬಾಯಿಯನ್ನೂ ಬಿರಡೆಯನ್ನೂ ಸ್ಪಿರಿಟ್ ಸ್ವಾಬಿನಿಂದ ಒರೆಸಿ.

ಈಗ ಡಬ್ಬಿಯನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಪೂರ್ತಿ ಚಪ್ಪಟೆಯಾಗುವ ಹಾಗೆ ಅದುಮಿ. ಹಾಗೆ ಅದುಮಿ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಬಿರಡೆಯನ್ನು ಬಿಗಿಯಾಗಿ ಕೂರಿಸಿ, ಆಮೇಲೆ ಕೈ ಬಿಡಿ. ಡಬ್ಬಿ ಚಪ್ಪಟೆಯಾಗಿಯೇ ಉಳಿದರೆ ಸರಿಯಾಗಿದೆ. ಕಡೆಯಲ್ಲಿ ಕ್ಲ್ಯಾಂಪ್ ತೆರೆಯಿರಿ. ಪೈಪಿನಲ್ಲಿ ನಿಂತಿದ್ದ ನೀರು ಡಬ್ಬಿಯ ಕಡೆಗೆ ಸರಿಯುವುದು ಕಣ್ಣಿಗೆ ಕಾಣಬೇಕು.

ಕ್ಲ್ಯಾಂಪ್ ಮುಚ್ಚದೆ, ಬಿರಡೆಯನ್ನೂ ತೆಗೆಯದೆ ಡಬ್ಬಿ ಅದುಮಿದರೆ ಒಳಗಿರುವ ಕೊಳೆ ನೀರು, ಗಾಳಿ ಎರಡೂ ವಾಪಸು ಗಾಯದೊಳಕ್ಕೆ ನುಗ್ಗಬಹುದು. ಕೆಲವು ಡ್ರೇನುಗಳಲ್ಲಿ ಹಿಂದಕ್ಕೆ ಹೋಗದಂತೆ ವಾಲ್ವ್ ಇರುತ್ತದೆ, ಕೆಲವದರಲ್ಲಿ ಇಲ್ಲ. ಇದೆಯೆಂದು ನಂಬಿಕೊಳ್ಳಬೇಡಿ. ಇದಕ್ಕೆ ತದ್ವಿರುದ್ಧವಾದ ತಪ್ಪೂ ಮನೆಗಳಲ್ಲಿ ಸಾಮಾನ್ಯ: ಎಲ್ಲವನ್ನೂ ಸರಿಯಾಗಿ ಮಾಡಿ ಕ್ಲ್ಯಾಂಪ್ ತೆರೆಯುವುದನ್ನು ಮರೆಯುವುದು. ಬೆಳಿಗ್ಗೆ ಡಬ್ಬಿ ಒಣಗಿ ಕೂತಿರುತ್ತದೆ, ಎದೆ ಊದಿರುತ್ತದೆ. ಮಲಗುವ ಮುಂಚೆ ಒಮ್ಮೆ ಕ್ಲ್ಯಾಂಪ್ ಮುಟ್ಟಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಅಳೆಯುವುದು, ಬರೆಯುವುದು

ಡಬ್ಬಿಯ ಮೇಲಿನ ಗೆರೆ ನೋಡಿ ಬರೆಯಬೇಡಿ. ಅರ್ಧ ಮಡಿಚಿಕೊಂಡಿರುವ ತಿದಿಯಲ್ಲಿ ಆ ಗೆರೆಗಳು ಸರಿಯಾದ ಅಳತೆ ತೋರಿಸುವುದಿಲ್ಲ. ಕಪ್ಪನ್ನು ಸಮತಟ್ಟಾದ ಜಾಗದಲ್ಲಿಟ್ಟು, ಬಗ್ಗಿ, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ಓದಿ. 30 ಮಿ.ಲೀ. ಆಸುಪಾಸಿಗೆ ಇಳಿದ ಮೇಲೆ ಕಪ್ಪನ್ನೂ ಬಿಟ್ಟು ಸಿರಿಂಜಿನಲ್ಲಿ ಎಳೆದು ಅಳೆಯಿರಿ. ಡ್ರೇನ್ ತೆಗೆಯಬೇಕೋ ಬೇಡವೋ ಅನ್ನುವುದು ನಿಲ್ಲುವುದೇ ಆ ಮಟ್ಟದ ಐದು ಹತ್ತು ಮಿ.ಲೀ. ವ್ಯತ್ಯಾಸದ ಮೇಲೆ. ಎರಡು ಬೇರೆ ಬೇರೆ ಡಬ್ಬಿಗಳಿದ್ದರೆ ಟೇಪು ಅಂಟಿಸಿ 1, 2 ಅಂತ ಬರೆದು ಬೇರೆ ಬೇರೆಯಾಗಿಯೇ ಅಳೆಯಿರಿ. ಎದೆಯದು ಬೇಗ ನಿಲ್ಲುತ್ತದೆ, ಕಂಕುಳಿನದು ನಿಧಾನ. ಎರಡನ್ನೂ ಕೂಡಿಸಿ ಬರೆದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ.

ನೋಟ್‌ಬುಕ್ಕಿನಲ್ಲಿ ತಾರೀಕು, ಹೊತ್ತು, ಮಿ.ಲೀ., ಬಣ್ಣ, ಆ ದಿನದ ಒಟ್ಟು ಇಷ್ಟು ಸಾಕು. ಉದಾಹರಣೆಗೆ ‘ಬೆಳಿಗ್ಗೆ 45, ರಾತ್ರಿ 35, ಒಟ್ಟು 80, ತಿಳಿಗೆಂಪು’. ಸಾಮಾನ್ಯವಾಗಿ ಸತತ ಎರಡು ದಿನ 24 ಗಂಟೆಯ ಒಟ್ಟು 30 ಮಿ.ಲೀ.ಗಿಂತ ಕಡಿಮೆ ಬಂದರೆ ಡ್ರೇನ್ ತೆಗೆಯುತ್ತಾರೆ. ಕೆಲವು ಸರ್ಜನ್ನರು 20 ಅನ್ನುತ್ತಾರೆ. ನಿಮ್ಮ ಡಾಕ್ಟರು ಹೇಳಿದ ಅಂಕಿಯನ್ನೇ ಹಿಡಿಯಿರಿ. ಪೈಪಿನ ಕಿರಿಕಿರಿ ತಾಳಲಾರದೆ 45 ಬಂದದ್ದನ್ನು 25 ಅಂತ ಬರೆಯುವವರಿದ್ದಾರೆ. ಅವರ ಕಷ್ಟ ಅರ್ಥವಾಗುತ್ತದೆ. ಆದರೆ ಹಾಗೆ ತೆಗೆಸಿದ ಮೇಲೆ ಚರ್ಮದಡಿ ನೀರು ತುಂಬಿಕೊಂಡರೆ ಸೂಜಿ ಹಾಕಿ ಎಳೆಸಿಕೊಳ್ಳಲು ವಾರಗಟ್ಟಲೆ ಓಡಾಡಬೇಕಾಗುತ್ತದೆ. ಹಾಗಂತ ಬಹಳ ದಿನ ಬಿಡುವುದೂ ಒಳ್ಳೆಯದಲ್ಲ. ಪೈಪು ಇದ್ದಷ್ಟು ದಿನ ಹೊರಗಿನ ಸೋಂಕಿಗೆ ಅದೊಂದು ದಾರಿ. ಎರಡು ವಾರ ಕಳೆದೂ 50ಕ್ಕಿಂತ ಇಳಿಯದಿದ್ದರೆ ಮುಂದಿನ ತಾರೀಕಿನವರೆಗೆ ಕಾಯದೆ ಫೋನ್ ಮಾಡಿ ಕೇಳಿ.

ನೀರು ಕಡಿಮೆ ಕುಡಿದರೆ, ಹಾಲು ಮೊಸರು ಬಿಟ್ಟರೆ ಡ್ರೇನ್ ನೀರು ಇಳಿಯುತ್ತದೆ ಅಂತ ಪಥ್ಯ ಹಿಡಿಸುವುದು ಅನೇಕ ಮನೆಗಳಲ್ಲಿ ನಡೆಯುತ್ತದೆ. ಹಾಗೇನೂ ಇಳಿಯುವುದಿಲ್ಲ. ದಿನವೂ ಹೊರಗೆ ಹೋಗುವ ಆ ದ್ರವದಲ್ಲಿ ಪ್ರೋಟೀನ್ ಇರುತ್ತದೆ. ಬೇಳೆ, ಮೊಟ್ಟೆ, ಹಾಲು, ಮೀನು ಮಾಂಸ ಒಗ್ಗುವುದಾದರೆ ಅದೂ, ಇವೆಲ್ಲ ಬೇಕೇ ಬೇಕು. ಸಕ್ಕರೆ ಕಾಯಿಲೆ ಇದ್ದವರು ಶುಗರ್ ಹತೋಟಿಯಲ್ಲಿ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಗಾಯ ಕೂಡುವುದು ತಡವಾಗುತ್ತದೆ.

ಬಣ್ಣ ಹೇಳುವ ಸುದ್ದಿ

ಮೊದಲ ಒಂದೆರಡು ದಿನ ಕೆಂಪು, ಹೆಚ್ಚುಕಮ್ಮಿ ಪುನರ್ಪುಳಿ ಶರಬತ್ತಿನ ಹಾಗೆ. ಆಮೇಲೆ ತಿಳಿಗೆಂಪು, ಕಡೆಗೆ ಒಣಹುಲ್ಲಿನ ಹಳದಿ. ಪೈಪಿನಲ್ಲಿ ಬೆಂದ ಶಾವಿಗೆ ತುಂಡಿನಂಥ ಎಳೆಗಳು ಕಂಡರೆ ಗಾಬರಿ ಬೇಡ, ಅದು ಫೈಬ್ರಿನ್, ಅಂದರೆ ರಕ್ತ ಹೆಪ್ಪುಗಟ್ಟುವಾಗ ಆಗುವ ಪ್ರೋಟೀನ್ ನಾರು. ಹಳದಿಗೆ ತಿರುಗಿದ್ದು ಮತ್ತೆ ಕಡುಗೆಂಪಾದರೆ, ಖಾಲಿ ಮಾಡಿದ ಒಂದು ಗಂಟೆಯೊಳಗೆ 100 ಮಿ.ಲೀ. ಹೊಸ ರಕ್ತ ಬಂದರೆ, ಒಳಗೆ ಎಲ್ಲೋ ರಕ್ತ ಸೋರುತ್ತಿದೆ. ಆಗ ನೇರ ಆಸ್ಪತ್ರೆಗೆ ಹೋಗಬೇಕು. ವಾಹನ ಸಿಗದಿದ್ದರೆ 108ಕ್ಕೆ ಕರೆ ಮಾಡಿ. ಗಾಯದ ಮೇಲೆ ಮಡಿಸಿದ ಶುಭ್ರ ಬಟ್ಟೆ ಇಟ್ಟು ಅಂಗೈಯಿಂದ ಒತ್ತಿ ಹಿಡಿದುಕೊಂಡೇ ಹೊರಡಿ. ನೀರು ಮಂದವಾಗಿ ಕೊಳಕು ಹಳದಿಗೆ ತಿರುಗಿ ವಾಸನೆ ಬಂದರೆ, ಪೈಪಿನ ಬುಡ ಕೆಂಪಾಗಿ ಬಿಸಿಯಾಗಿದ್ದರೆ, ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಅದು ನಂಜು. ಅವತ್ತೇ ತೋರಿಸಬೇಕು. ಕುತ್ತಿಗೆಯ ಆಪರೇಷನ್ ಆದವರ ಡ್ರೇನಿನಲ್ಲಿ ಹಾಲಿನಂತೆ ಬೆಳ್ಳಗಿನ ದ್ರವ ಬರತೊಡಗಿದರೆ, ಅದರಲ್ಲೂ ಊಟವಾದ ಮೇಲೆ ಹೆಚ್ಚಾದರೆ, ಕೊಬ್ಬಿನಂಶ ಸಾಗಿಸುವ ದುಗ್ಧನಾಳ ಸೋರುತ್ತಿದೆ ಅಂತ. ಅದನ್ನೂ ತಡಮಾಡದೆ ತಿಳಿಸಬೇಕು.

ನೀರು ಬರುವುದು ನಿಂತಾಗ, ಎಳೆತ ಉಳಿಯದಾಗ

ನಿನ್ನೆ 90, ಇವತ್ತು 5. ಇದನ್ನು ನೋಡಿ ಖುಷಿಪಡುವವರೇ ಹೆಚ್ಚು. ನೀರು ನಿಜವಾಗಿ ಕಡಿಮೆಯಾಗುವುದಾದರೆ 90, 75, 60, 50 ಹೀಗೆ ಮೆಟ್ಟಿಲಿಳಿದಂತೆ ಇಳಿಯುತ್ತದೆ. ಒಮ್ಮೆಲೇ ಬಿದ್ದರೆ ಪೈಪು ಕಟ್ಟಿಕೊಂಡಿದೆ ಅಂತಲೇ ಮೊದಲು ಎಣಿಸಿ. ಕ್ಲ್ಯಾಂಪ್ ತೆರೆದಿದೆಯೇ, ಪೈಪು ಎಲ್ಲಾದರೂ ಮಡಿಚಿದೆಯೇ, ಮೈಕೆಳಗೆ ಸಿಕ್ಕಿಕೊಂಡಿದೆಯೇ ನೋಡಿ. ಆಮೇಲೆ ಪೈಪನ್ನು ನೀವಬೇಕು. ಚರ್ಮದ ಹತ್ತಿರ ಒಂದು ಕೈಯ ಹೆಬ್ಬೆರಳು ತೋರುಬೆರಳಿನಿಂದ ಪೈಪನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಆ ಕೈ ಅಲುಗಬಾರದು, ಪೈಪನ್ನು ಚರ್ಮಕ್ಕೆ ಹಿಡಿದಿರುವ ಹೊಲಿಗೆಯ ಮೇಲೆ ಎಳೆತ ಬೀಳದಂತೆ ಕಾಯುವುದು ಅದೇ. ಇನ್ನೊಂದು ಕೈಯಲ್ಲಿ ಸ್ಪಿರಿಟ್ ಸ್ವಾಬ್ ಸುತ್ತಿ ಪೈಪನ್ನು ಚಪ್ಪಟೆ ಮಾಡುತ್ತಾ ಡಬ್ಬಿಯ ಕಡೆಗೆ ನಿಧಾನ ಜಾರಿಸಿ. ಸ್ವಾಬ್ ಒದ್ದೆಯಾಗಿರುವುದರಿಂದ ಬೆರಳು ಸಲೀಸಾಗಿ ಜಾರುತ್ತದೆ. ಕೆಂಪು ಎಳೆ ಪೈಪಿನಲ್ಲಿ ಸರಸರನೆ ಸಾಗಿ ಡಬ್ಬಿಗೆ ಬಿದ್ದರೆ ದಾರಿ ಬಿಡಿಸಿತು. ಎರಡು ಮೂರು ಸಲ ಮಾಡಿದರೂ ಆಗದಿದ್ದರೆ, ಚರ್ಮ ಉಬ್ಬುತ್ತಿದ್ದರೆ, ಪೈಪಿನ ಸುತ್ತ ಡ್ರೆಸ್ಸಿಂಗ್ ತೊಯ್ಯುತ್ತಿದ್ದರೆ ಆಸ್ಪತ್ರೆಗೆ ಹೋಗಿ. ನೀವುವುದು ಬೇಡ ಅಂತ ನಿಮ್ಮ ಸರ್ಜನ್ ಹೇಳಿದ್ದರೆ ಅವರ ಮಾತೇ ಕೊನೆ. ಪೈಪಿನೊಳಕ್ಕೆ ಸಿರಿಂಜಿನಿಂದ ನೀರು ಬಿಟ್ಟು ತೊಳೆಯಲು ಮಾತ್ರ ಮನೆಯಲ್ಲಿ ಯಾರೂ ಕೈ ಹಾಕಬಾರದು.

ಅದುಮಿಟ್ಟ ಡಬ್ಬಿ ಕೆಲವೇ ನಿಮಿಷದಲ್ಲಿ ಮತ್ತೆ ಉಬ್ಬಿದರೆ ಎಲ್ಲೋ ಗಾಳಿ ಒಳಬರುತ್ತಿದೆ. ಎಷ್ಟೋ ಸಲ ಅದು ಬಿರಡೆಯೇ. ತೆಗೆದು, ಒರೆಸಿ, ಮತ್ತೆ ಕೂರಿಸಿ. ಆಮೇಲೆ ವೈ ಜೋಡಿಕೆಯನ್ನು ಒತ್ತಿ ನೋಡಿ. ಎರಡೂ ಸರಿಯಿದ್ದರೆ ಪೈಪು ಜಾರಿರಬಹುದು. ಒಳಗಿರುವ ಪೈಪಿಗೆ ಸಾಲಾಗಿ ತೂತುಗಳಿರುತ್ತವೆ, ಕಡೆಯ ತೂತು ಚರ್ಮದ ಹೊರಗೆ ಬಂದರೆ ಡ್ರೇನ್ ಗಾಯದ ಬದಲು ಗಾಳಿಯನ್ನೇ ಎಳೆಯುತ್ತದೆ. ಮೊದಲ ದಿನ ಬರೆದಿಟ್ಟ ಅಳತೆಯನ್ನು ಈಗ ಹೋಲಿಸಿ. ಜಾರಿದ್ದರೆ ಒಳಕ್ಕೆ ತಳ್ಳಬೇಡಿ, ಹೊರಗಿದ್ದ ಭಾಗ ಈಗ ಶುಭ್ರವಲ್ಲ. ಟೇಪು ಹಾಕಿ ಇದ್ದಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಜೋಡಿಕೆಯಲ್ಲಿ ಕಳಚಿಕೊಂಡಿದ್ದರೆ ಮೈಕಡೆಯ ಪೈಪನ್ನು ತಕ್ಷಣ ಮಡಿಸಿ ಹಿಡಿದು, ಎರಡೂ ತುದಿಗಳನ್ನು ಸ್ಪಿರಿಟ್ಟಿನಿಂದ ಒರೆಸಿ, ಸೇರಿಸಿ, ಡಾಕ್ಟರಿಗೆ ತಿಳಿಸಿ.

ಡ್ರೇನ್ ಹೊತ್ತು ಓಡಾಡುವುದು

ಡಬ್ಬಿ ಯಾವಾಗಲೂ ಗಾಯಕ್ಕಿಂತ ಕೆಳಗಿರಬೇಕು. ನೆಲದ ಮೇಲೆ ಇಡಬಾರದು, ತೂಗಾಡಲೂ ಬಿಡಬಾರದು. ಉದ್ದ ಪಟ್ಟಿಯಿರುವ ಬಟ್ಟೆಯ ಚೀಲವೊಂದನ್ನು ಹೊಲಿಸಿ ಆರೋಗ್ಯವಾಗಿರುವ ಕಡೆಯ ಹೆಗಲಿಗೆ ಅಡ್ಡ ಹಾಕಿಕೊಂಡರೆ ಕೈ ಎರಡೂ ಬಿಡುವು. ಸಣ್ಣ ಬಲ್ಬ್ ಆದರೆ ಅದರ ಕೊಕ್ಕೆಯನ್ನು ಲಂಗದ ಲಾಡಿಗೆ ಸೇಫ್ಟಿ ಪಿನ್ನಿನಿಂದ ಸಿಕ್ಕಿಸಬಹುದು, ಪಿನ್ನು ಪೈಪಿಗೆ ಮಾತ್ರ ತಾಗಕೂಡದು. ಮುಂದೆ ಗುಂಡಿ ಇರುವ ನೈಟಿಯೇ ಅನುಕೂಲ. ಬೆಂಗಳೂರಿನಲ್ಲಿ ಆಪರೇಷನ್ ಆಗಿ ರಾಯಚೂರಿಗೋ ಬೀದರಿಗೋ ರಾತ್ರಿ ಬಸ್ಸಿನಲ್ಲಿ ಹೋಗುವವರು ಹತ್ತುವ ಮುಂಚೆ ಖಾಲಿ ಮಾಡಿಕೊಳ್ಳಿ, ಡ್ರೇನ್ ಇರುವ ಬದಿ ಕಿಟಕಿಯ ಕಡೆಗಿರಲಿ. ನಡೆದಾಡುವ ಜಾಗದ ಕಡೆಗಿದ್ದರೆ ಯಾರದೋ ಬ್ಯಾಗಿಗೆ ಪೈಪು ಸಿಕ್ಕಿಕೊಳ್ಳುತ್ತದೆ.

ಬೆರಳು, ಮುಷ್ಟಿ, ಮೊಣಕೈ ಮೊದಲ ದಿನದಿಂದಲೇ ಆಡಿಸುತ್ತಿರಿ. ತೋಳನ್ನು ಡ್ರೇನ್ ಇರುವವರೆಗೆ ಹೆಗಲಿನ ಮಟ್ಟಕ್ಕಿಂತ ಮೇಲೆತ್ತಬೇಡಿ, ಎತ್ತಿದಷ್ಟೂ ಅಂಟುತ್ತಿರುವ ಚರ್ಮ ಬಿಟ್ಟು ನೀರು ಹೆಚ್ಚುತ್ತದೆ. ಕೊಡ, ಕುಕ್ಕರ್ ಎತ್ತುವುದು, ಬಟ್ಟೆ ಒಗೆಯುವುದು ಬೇರೆಯವರ ಪಾಲಿಗಿರಲಿ. ಡಾಕ್ಟರು ಸ್ನಾನಕ್ಕೆ ಒಪ್ಪುವವರೆಗೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳಿ. ಪೈಪಿನ ಬುಡಕ್ಕೆ ಅರಿಶಿನ, ಕೊಬ್ಬರಿ ಎಣ್ಣೆ, ಮೆಡಿಕಲ್ ಅಂಗಡಿಯ ಪೌಡರು ಯಾವುದನ್ನೂ ಹಾಕಬೇಡಿ. ಪುಡಿ ಉಂಡೆಗಟ್ಟಿ ಅದರಡಿಯಲ್ಲೇ ತೇವ ನಿಲ್ಲುತ್ತದೆ.

ಅಳೆದ ನೀರನ್ನು ಕಕ್ಕಸಿಗೆ ಸುರಿದು ಧಾರಾಳವಾಗಿ ನೀರು ಹಾಕಿ. ಗ್ಲೌಸು, ಸ್ವಾಬು, ಡ್ರೆಸ್ಸಿಂಗನ್ನು ಹಳೇ ಪೇಪರಿನಲ್ಲಿ ಸುತ್ತಿ ಮನೆಯ ಬೇರೆ ಕಸಕ್ಕೆ ಬೆರೆಸದೆ ಕೊಡಿ.

ಮದ್ದು ಒಳಗೆ ಕೊಡುವ ಪೈಪು

ಕೆಲವರಿಗೆ ಡ್ರೇನಿನ ಜೊತೆಗೆ ದಾರದಷ್ಟು ಸಣ್ಣ ಇನ್ನೊಂದು ಪೈಪು ಇರುತ್ತದೆ. ಅದರ ತುದಿಯಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಬಲೂನಿನಂಥ ಚೆಂಡು. ಇದು ನೋವಿನ ಪಂಪು. ಬಲೂನು ತಾನಾಗಿ ಕುಗ್ಗುತ್ತಾ ರೋಪಿವಕೇನ್ ಅಥವಾ ಬುಪಿವಕೇನ್ ಎಂಬ ಮರಗಟ್ಟಿಸುವ ಮದ್ದನ್ನು ಗಾಯದೊಳಕ್ಕೆ ಹನಿಸುತ್ತದೆ. ಕರೆಂಟು, ಬ್ಯಾಟರಿ ಏನೂ ಬೇಡ. ಸಾಮಾನ್ಯವಾಗಿ ಎರಡು ಮೂರು ದಿನ ನಡೆಯುತ್ತದೆ. 300 ಮಿ.ಲೀ. ತುಂಬಿ ಗಂಟೆಗೆ 5 ಮಿ.ಲೀ. ಬಿಡುವ ಪಂಪಾದರೆ 60 ಗಂಟೆ. ಮೊದಲ ದಿನ ಬಲೂನು ಕುಗ್ಗಿದ್ದು ಕಣ್ಣಿಗೆ ಕಾಣುವುದೇ ಇಲ್ಲ, ಕೆಟ್ಟಿದೆ ಅಂತ ಹಿಚುಕಲು ಹೋಗಬೇಡಿ.

ಮದ್ದು ಎಷ್ಟು ವೇಗದಲ್ಲಿ ಹೋಗಬೇಕೆಂದು ತೀರ್ಮಾನಿಸುವುದು ಪೈಪಿನಲ್ಲಿರುವ ಒಂದು ಸಣ್ಣ ತಡೆಗುಂಡಿ. ಅನೇಕ ಪಂಪುಗಳಲ್ಲಿ ಅದನ್ನು ಮೈಗೆ ಟೇಪು ಹಾಕಿ ಅಂಟಿಸಿರುತ್ತಾರೆ, ಯಾಕೆಂದರೆ ಅದರ ಲೆಕ್ಕ ಚರ್ಮದ ಬಿಸಿಗೆ ಹೊಂದಿಸಿದ್ದು. ಆ ಟೇಪು ಕೀಳಬೇಡಿ. ಬಿಸಿನೀರಿನ ಚೀಲವನ್ನೋ ಐಸನ್ನೋ ಅದರ ಮೇಲಿಟ್ಟರೆ ವೇಗ ಹೆಚ್ಚುಕಡಿಮೆಯಾಗುತ್ತದೆ. ಬಾಯಲ್ಲಿ ಲೋಹದ ರುಚಿ, ತುಟಿಯ ಸುತ್ತ ಜುಮುಜುಮು, ಕಿವಿಯಲ್ಲಿ ಗುಂಯ್ ಸದ್ದು, ತಲೆಸುತ್ತು, ಮೈ ಅದಿರುವುದು, ಮಾತು ತೊದಲುವುದು ಇವುಗಳಲ್ಲಿ ಒಂದು ಕಂಡರೂ ಆ ಪೈಪಿನ ಕ್ಲ್ಯಾಂಪ್ ಮುಚ್ಚಿ ಕೂಡಲೇ ಆಸ್ಪತ್ರೆಗೆ ಹೋಗಿ. ಮದ್ದು ರಕ್ತಕ್ಕೆ ಹೆಚ್ಚಾಗಿ ಸೇರುತ್ತಿರುವ ಗುರುತು ಅದು, ಹೃದಯದವರೆಗೂ ಹೋಗಬಲ್ಲದು.

ಎರಡು ಪೈಪು ಇದ್ದಾಗ ದೊಡ್ಡ ಅಪಾಯ ಗೊಂದಲದ್ದು. ಊರಿನ ಕ್ಲಿನಿಕ್ಕಿಗೆ ಇಂಜೆಕ್ಷನ್ನಿಗೆ ಹೋದಾಗ ಸಣ್ಣ ಪೈಪನ್ನು ನೋಡಿ ಗ್ಲೂಕೋಸ್ ಲೈನ್ ಅಂದುಕೊಂಡು ಮದ್ದು ಹಾಕಿಬಿಟ್ಟರೆ ಅನಾಹುತ. ದಪ್ಪ ಟೇಪಿನ ಮೇಲೆ ‘ನೋವಿನ ಪಂಪು, ಇಂಜೆಕ್ಷನ್ ಹಾಕಬೇಡಿ’ ಅಂತ ಬರೆದು ಅದಕ್ಕೆ ಸುತ್ತಿ. ಡ್ರೇನಿನ ಪೈಪಿಗೆ ‘ಡ್ರೇನ್’ ಅಂತ ಬರೆಯಿರಿ.

ಲೆಕ್ಕದಲ್ಲೂ ಒಂದು ಎಚ್ಚರ ಬೇಕು. ಗಂಟೆಗೆ 5 ಮಿ.ಲೀ. ಅಂದರೆ ದಿನಕ್ಕೆ 120 ಮಿ.ಲೀ. ಮದ್ದು ಗಾಯದೊಳಕ್ಕೆ ಹೋಗುತ್ತದೆ. ಒಂದಷ್ಟನ್ನು ಮೈ ಹೀರಿಕೊಳ್ಳುತ್ತದೆ, ಒಂದಷ್ಟನ್ನು ಡ್ರೇನ್ ಎಳೆದುಬಿಡುತ್ತದೆ. ಆದ್ದರಿಂದ ಪಂಪು ನಡೆಯುವಷ್ಟು ದಿನ ಡ್ರೇನಿನ ಅಂಕಿ ಹೆಚ್ಚಿದ್ದರೆ ಗಾಬರಿಪಡಬೇಡಿ, ನೋಟ್‌ಬುಕ್ಕಿನಲ್ಲಿ ‘ಪಂಪು ಇದೆ’ ಅಂತ ಪಕ್ಕದಲ್ಲಿ ಬರೆಯಿರಿ. ಪಂಪು ತೆಗೆದ ಮೇಲಿನ ಅಂಕಿಗಳನ್ನೇ 30ರ ಲೆಕ್ಕಕ್ಕೆ ಹಿಡಿಯಬೇಕು. ಆಸ್ಪತ್ರೆಯಲ್ಲಿ ಡ್ರೇನಿನ ಮೂಲಕವೇ ಒಂದು ಡೋಸ್ ಮದ್ದು ಬಿಡುವುದುಂಟು. ಆಗ ಮದ್ದು ಕೂಡಲೇ ಹೊರಗೆ ಬಂದುಬಿಡದಂತೆ ಡ್ರೇನನ್ನು ಸ್ವಲ್ಪ ಹೊತ್ತು ಕ್ಲ್ಯಾಂಪ್ ಮಾಡಿರುತ್ತಾರೆ. ಅದನ್ನು ನೋಡಿದವರು ಮನೆಯಲ್ಲೂ ಮದ್ದು ನಿಲ್ಲಲಿ ಅಂತ ಡ್ರೇನ್ ಮುಚ್ಚಿಡಬಾರದು, ಎಳೆತ ನಿಂತರೆ ಒಳಗೆ ನೀರು ಕಟ್ಟುತ್ತದೆ.

ಡ್ರೇನ್ ತೆಗೆಯುವ ದಿನ

ಓಪಿಡಿಯಲ್ಲಿ ಒಂದೆರಡು ನಿಮಿಷದ ಕೆಲಸ. ಮೊದಲು ಬಿರಡೆ ತೆಗೆದು ಎಳೆತ ಬಿಡಿಸುತ್ತಾರೆ, ಇಲ್ಲದಿದ್ದರೆ ತೂತುಗಳಿಗೆ ಅಂಟಿಕೊಂಡ ಅಂಗಾಂಶವೂ ಜೊತೆಗೆ ಎಳೆದುಕೊಂಡು ಬಂದು ನೋಯುತ್ತದೆ. ಆಮೇಲೆ ಹೊಲಿಗೆ ಕತ್ತರಿಸಿ, ಉಸಿರು ಬಿಡಲು ಹೇಳಿ ಒಂದೇ ಸಮನೆ ಎಳೆಯುತ್ತಾರೆ. ಕ್ಷಣಹೊತ್ತು ಉರಿಯುತ್ತದೆ. ಪೈಪಿನ ತುದಿ ಪೂರ್ತಿ ಬಂದಿದೆಯೇ ಅಂತ ಅವರೂ ನೋಡುತ್ತಾರೆ, ನೀವೂ ಕೇಳಿ. ಆ ತೂತಿನಿಂದ ಒಂದೆರಡು ದಿನ ನೀರು ಜಿನುಗಿ ಡ್ರೆಸ್ಸಿಂಗ್ ತೊಯ್ಯುವುದು ಸಹಜ. ಮುಂದಿನ ವಾರಗಳಲ್ಲಿ ಎದೆಯ ಮೇಲೋ ಕಂಕುಳಿನಲ್ಲೋ ನೀರಿನ ಚೀಲದ ಹಾಗೆ ಮೆತ್ತಗೆ ಉಬ್ಬಿ, ಬೆರಳಿಂದ ತಟ್ಟಿದರೆ ಅಲೆಯಾಡಿದರೆ ಅದು ಸೀರೋಮಾ. ಸಣ್ಣದಾದರೆ ಮೈಯೇ ಹೀರಿಕೊಳ್ಳುತ್ತದೆ, ದೊಡ್ಡದಾಗಿ ಬಿಗಿದರೆ ಡಾಕ್ಟರು ಸಿರಿಂಜಿನಿಂದ ತೆಗೆಯುತ್ತಾರೆ. ಆ ಜಾಗದ ಚರ್ಮ ಮರಗಟ್ಟಿರುವುದರಿಂದ ಸೂಜಿ ಚುಚ್ಚಿದ್ದು ಬಹುಮಂದಿಗೆ ಗೊತ್ತೇ ಆಗುವುದಿಲ್ಲ.